ಪ್ರಶಸ್ತಿ ಪತ್ರ ಬಂತು, ಹಕ್ಕುಪತ್ರ ಬರಲಿಲ್ಲ

2025ರ ಸೆಪ್ಟೆಂಬರ್ 23. ನವರಾತ್ರಿಯ ಎರಡನೆಯ ದಿನ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನಮ್ಮ ಮನೆಯಲ್ಲಿ ನಾನು ದೂರದರ್ಶನದ ಮುಂದೆ ಕುಳಿತಿದ್ದೆ. ದೆಹಲಿಯ ವಿಜ್ಞಾನ ಭವನದಲ್ಲಿ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪ್ರದಾನ ಸಮಾರಂಭ ನಡೆದಿತ್ತು. ಹೆಸರು ಕೂಗಿದಾಗ ಒಬ್ಬೊಬ್ಬರೇ ಎದ್ದು ಬಂದು, ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಕೈಯಿಂದ ಪದಕ, ಪತ್ರ ಪಡೆದು, ಕ್ಯಾಮೆರಾ ಕಡೆಗೆ ಒಮ್ಮೆ ತಿರುಗಿ, ಮತ್ತೆ ತಮ್ಮ ಆಸನಕ್ಕೆ ಮರಳುತ್ತಿದ್ದರು. ಮಲಯಾಳದ ಮೋಹನ್‌ಲಾಲ್ ಅವರಿಗೆ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ. ಮೂರು ದಶಕ ತೆರೆಯನ್ನು ಆಳಿದ ಶಾರುಖ್ ಖಾನ್ ಅವರಿಗೆ ಮೊದಲ ಬಾರಿಗೆ ರಾಷ್ಟ್ರ ಪ್ರಶಸ್ತಿ. ಕನ್ನಡದ ಅತ್ಯುತ್ತಮ ಚಿತ್ರವೆಂದು 'ಕಂದೀಲು'.

ನಮ್ಮ ಮನೆಗೆ ಹಾಲು ಹಾಕುವ ಹಿರಿಯರು ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಬೆಳಗಿನ ಹಾಲು ಮಗ ತರುತ್ತಾನೆ, ಸಂಜೆಯದು ಇವರದು. ಪೇಟೆಯ ಆಚೆ, ಕಾಡಂಚಿನ ಒಂದು ಪುನರ್ವಸತಿ ಹಳ್ಳಿಯಿಂದ ಹಳೆಯ ಮೊಪೆಡ್ ಮೇಲೆ ಬರುತ್ತಾರೆ. ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, 'ಇದೇನು ಸಾರ್, ಎಲ್ಲರಿಗೂ ಕಾಗದ ಕೊಡ್ತಾ ಇದಾರೆ?' ಎಂದು ಕೇಳಿದರು. ವಿವರಿಸಿದೆ. 'ನಮ್ಮ ಕಡೆ ಸಿನಿಮಾಕ್ಕೆ ಯಾವತ್ತಾದ್ರೂ ಬಂದದ್ದುಂಟಾ?' ಎಂದರು.

ಉಂಟು ಎಂದೆ. ನಿಮ್ಮ ಊರಿನ ಕಥೆಗೇ ಬಂದಿದೆ ಎಂದೆ. ಅವರು ನಂಬಲಿಲ್ಲ.

ಅವರು ನಂಬದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಅವರ ಊರು ಈಗ ನಕ್ಷೆಯಲ್ಲಿಲ್ಲ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ತಿಯಾಗಿಯೋ ಭಾಗಶಃವಾಗಿಯೋ ನೀರಿನಡಿಗೆ ಹೋದವು. ಆಗ ಅವರಿಗೆ ಎಂಟು ವರ್ಷ. ಮನೆಯ ತೊಲೆ, ಬಾಗಿಲು, ಒಂದು ಜೋಡಿ ಎತ್ತು, ದೇವರ ಪೆಟ್ಟಿಗೆ ಇಷ್ಟನ್ನು ಲಾರಿಗೆ ಹೇರಿಕೊಂಡು ಬಂದ ನೆನಪು ಮಾತ್ರ ಅವರಲ್ಲಿ ಉಳಿದಿದೆ. ಅಂಥದೊಂದು ಮುಳುಗಡೆಯನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿ'ಸೋಜ ಅವರು 'ದ್ವೀಪ' ಕಾದಂಬರಿ ಬರೆದರು. ಅದನ್ನಾಧರಿಸಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ ಚಿತ್ರ ಮಾಡಿದರು. 2001ನೇ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ಅದಕ್ಕೆ ಸ್ವರ್ಣ ಕಮಲ ದೊರೆಯಿತು. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ಅದೇ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಇಡೀ ದೇಶ ಮೆಚ್ಚಿದ ಆ ಚಿತ್ರವನ್ನು, ಅದು ಯಾರ ಕಥೆಯೋ ಅವರೇ ನೋಡಿರಲಿಲ್ಲ. ಅದರ ಹೆಸರನ್ನೂ ಕೇಳಿರಲಿಲ್ಲ. ಆ ಸಂಜೆಯಿಂದ ಈ ವಿಚಾರ ನನ್ನನ್ನು ಬಿಟ್ಟಿಲ್ಲ.

ಆರರಲ್ಲಿ ಐದು

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಮೊದಲು ನೀಡಲ್ಪಟ್ಟದ್ದು 1954ರಲ್ಲಿ, ಅದರ ಹಿಂದಿನ ವರ್ಷದ ಚಿತ್ರಗಳಿಗೆ. ಮೊದಲ ಬಾರಿಯ ಅತ್ಯುತ್ತಮ ಚಿತ್ರ ಆಚಾರ್ಯ ಅತ್ರೆಯವರ ಮರಾಠಿ ಚಿತ್ರ 'ಶ್ಯಾಮ್‌ಚಿ ಆಯಿ'. ಮರುವರ್ಷವೇ ಕನ್ನಡದ 'ಬೇಡರ ಕಣ್ಣಪ್ಪ' ಅರ್ಹತಾ ಪತ್ರ ಪಡೆಯಿತು. ಆದರೆ ದೇಶದ ಅತ್ಯುತ್ತಮ ಕಥಾಚಿತ್ರವೆಂಬ ಮನ್ನಣೆಗೆ ಕನ್ನಡ 1970ರ 'ಸಂಸ್ಕಾರ'ದವರೆಗೆ ಕಾಯಬೇಕಾಯಿತು. ಅನಂತರ 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001). ಒಟ್ಟು ಆರು. 'ದ್ವೀಪ'ದ ನಂತರ ಕನ್ನಡದ ಯಾವ ಚಿತ್ರವೂ ಆ ಸ್ಥಾನವನ್ನು ಮುಟ್ಟಿಲ್ಲ. 2011ನೇ ಸಾಲಿನಲ್ಲಿ ಮರಾಠಿಯ 'ದೇವೂಳ್' ಜೊತೆ ಸ್ವರ್ಣ ಕಮಲ ಹಂಚಿಕೊಂಡ 'ಬ್ಯಾರಿ' ನಮ್ಮ ಕರಾವಳಿಯ ಭಾಷೆಯದು, ಕನ್ನಡದ್ದಲ್ಲ.

ಈ ಆರು ಚಿತ್ರಗಳಲ್ಲಿ ಐದಕ್ಕೆ ಶಿವಮೊಗ್ಗ ಜಿಲ್ಲೆಯ ನಂಟಿದೆ. 'ಸಂಸ್ಕಾರ' ಮತ್ತು 'ಘಟಶ್ರಾದ್ಧ'ಗಳ ಮೂಲ ಲೇಖಕ ಯು.ಆರ್. ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. 'ತಬರನ ಕಥೆ' ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರದು. 'ದ್ವೀಪ' ನಾ. ಡಿ'ಸೋಜರದು. 'ಘಟಶ್ರಾದ್ಧ'ದಿಂದ 'ದ್ವೀಪ'ದವರೆಗಿನ ನಾಲ್ಕೂ ಚಿತ್ರಗಳ ನಿರ್ದೇಶಕರು ಒಬ್ಬರೇ, ಕಾಸರವಳ್ಳಿ. ಇದರ ಜೊತೆಗೆ ಕೊನಗವಳ್ಳಿಯ ಪಿ. ಲಂಕೇಶ್ 1976ರ 'ಪಲ್ಲವಿ'ಗಾಗಿ ದೇಶದ ಅತ್ಯುತ್ತಮ ನಿರ್ದೇಶಕರೆನಿಸಿದ್ದನ್ನು ಸೇರಿಸಿಕೊಂಡರೆ, ಮಲೆನಾಡಿನ ಒಂದೇ ಜಿಲ್ಲೆ ದೆಹಲಿಯ ಆ ವೇದಿಕೆಗೆ ಎಷ್ಟು ಸಲ ಹೋಗಿ ಬಂದಿದೆಯೆಂದು ಓದುಗರು ಊಹಿಸಬಹುದು.

ನಮ್ಮವರ ಹೆಮ್ಮೆಗೆ ಇದು ಸಾಕಷ್ಟು ಸಾಮಗ್ರಿ. ಜಿಲ್ಲೆಯ ಸಭೆ ಸಮಾರಂಭಗಳ ಸ್ವಾಗತ ಭಾಷಣಗಳಲ್ಲಿ ಈ ಹೆಸರುಗಳು ತಪ್ಪದೇ ಬರುತ್ತವೆ. ನಾನೂ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಈ ಚಿತ್ರಗಳು ಏನು ಹೇಳಿದವು ಎಂದು ಕೇಳಿಕೊಂಡಾಗ ಹೆಮ್ಮೆ ತುಸು ತಗ್ಗುತ್ತದೆ. ಏಕೆಂದರೆ ಅವುಗಳಲ್ಲಿ ಒಂದೂ ನಮ್ಮನ್ನು ಹೊಗಳುವುದಿಲ್ಲ. ಸತ್ತವನ ಶವಸಂಸ್ಕಾರ ಮಾಡಲಾರದೆ ಕೈಕಟ್ಟಿ ಕುಳಿತ ಅಗ್ರಹಾರ, ಬಸುರಾದ ಬಾಲವಿಧವೆಯನ್ನು ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕಿದ ಮನೆ, ನಿವೃತ್ತ ನೌಕರನಿಗೆ ಪಿಂಚಣಿ ಕೊಡದೆ ಅಲೆಸಿದ ಕಚೇರಿ, ಗುಡ್ಡದ ಮೇಲೆ ಉಳಿದ ಸಂಸಾರವನ್ನು ನೀರಿನ ನಡುವೆ ಬಿಟ್ಟ ಅಣೆಕಟ್ಟು. ಇವು ನಮ್ಮ ಮೇಲಿನ ದೂರುಗಳು. ದೂರು ಚೆನ್ನಾಗಿ ಬರೆದಿದ್ದಾರೆಂದು ದೂರುದಾರನಿಗೆ ಬಹುಮಾನ ಕೊಟ್ಟು, ದೂರನ್ನು ಮರೆತ ಸ್ಥಿತಿ ನಮ್ಮದು.

ಪ್ರಭುತ್ವದ ಎರಡು ಕೈ

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ತನ್ನನ್ನೇ ಟೀಕಿಸುವ ಕೃತಿಗೆ ತನ್ನದೇ ಪದಕ ಕೊಡುವ ಪ್ರಭುತ್ವ ಎಲ್ಲ ದೇಶಗಳಲ್ಲೂ ಇರುವುದಿಲ್ಲ. 'ಸಂಸ್ಕಾರ'ಕ್ಕೆ ಮದ್ರಾಸಿನ ಸೆನ್ಸಾರ್ ಮೊದಲು ಪ್ರಮಾಣಪತ್ರವನ್ನೇ ನಿರಾಕರಿಸಿತ್ತು. ಕೊನೆಗೆ ಬಿಡುಗಡೆಯಾದ ಅದೇ ಚಿತ್ರವನ್ನು ಅದೇ ಕೇಂದ್ರ ಸರ್ಕಾರ ವರ್ಷದ ಶ್ರೇಷ್ಠ ಚಿತ್ರವೆಂದು ಗೌರವಿಸಿತು. ಒಂದು ಕೈ ತಡೆದದ್ದನ್ನು ಮತ್ತೊಂದು ಕೈ ಎತ್ತಿ ಹಿಡಿಯಿತು. ಶರಾವತಿಯ ಕಣಿವೆಯನ್ನು ಮುಳುಗಿಸಿದ್ದು ಸರ್ಕಾರ. ಮುಳುಗಡೆಯ ನೋವನ್ನು ತೋರಿಸಿದ ಚಿತ್ರಕ್ಕೆ ಚಿನ್ನದ ಕಮಲ ಕೊಟ್ಟದ್ದೂ ಸರ್ಕಾರ. ಇದನ್ನು ಬೂಟಾಟಿಕೆ ಎಂದು ಸುಲಭವಾಗಿ ತಳ್ಳಿಹಾಕಲಾಗದು. ತೀರ್ಪುಗಾರರ ಕೈಗೆ ಸ್ವಾತಂತ್ರ್ಯವಿದ್ದಾಗ ಪ್ರಭುತ್ವದ ಒಳಗೇ ಒಂದು ಆತ್ಮಸಾಕ್ಷಿಗೆ ಜಾಗ ಸಿಗುತ್ತದೆ ಎಂಬುದಕ್ಕೆ ಈ ಪ್ರಶಸ್ತಿಗಳ ಚರಿತ್ರೆ ಸಾಕ್ಷಿ.

ಈ ಸಮಾರಂಭಕ್ಕೆ ಇಷ್ಟು ತೂಕ ಬಂದದ್ದೂ ಅದರಿಂದಲೇ. 2018ರ ಮೇ 3ರಂದು ನಡೆದ 65ನೇ ಪ್ರಶಸ್ತಿ ಪ್ರದಾನವನ್ನು ನೆನೆಯಿರಿ. ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಹನ್ನೊಂದು ಪ್ರಶಸ್ತಿಗಳನ್ನಷ್ಟೇ ನೀಡುವರು, ಉಳಿದವನ್ನು ಸಚಿವರು ನೀಡುವರು ಎಂಬ ಸುದ್ದಿ ಹಿಂದಿನ ದಿನ ಪ್ರಶಸ್ತಿ ವಿಜೇತರಿಗೆ ತಿಳಿಯಿತು. ಐವತ್ತಕ್ಕೂ ಹೆಚ್ಚು ಮಂದಿ ಸಮಾರಂಭದಿಂದ ದೂರ ಉಳಿದರು. ಪದಕ ಅದೇ, ಪತ್ರ ಅದೇ, ಹಣವೂ ಅದೇ; ಕೊಡುವ ಕೈ ಯಾವುದಾದರೇನು ಎಂದು ಆಗ ಹಲವರು ಗೇಲಿ ಮಾಡಿದರು. ನನಗೆ ಅದು ಗೇಲಿಯ ವಿಷಯವೆನಿಸಲಿಲ್ಲ. ಧ್ವನಿಗ್ರಹಣ ಮಾಡುವವನಿಗೆ, ಸಂಕಲನಕಾರನಿಗೆ, ಮೊದಲ ಚಿತ್ರ ಮಾಡಿದ ಹಳ್ಳಿಯ ಹುಡುಗನಿಗೆ ಇಡೀ ಜೀವಮಾನದಲ್ಲಿ ದೇಶದ ಪ್ರಥಮ ಪ್ರಜೆಯ ಎದುರು ನಿಲ್ಲುವ ಅವಕಾಶ ಬರುವುದು ಒಂದೇ ಸಲ. ಆ ಅರ್ಧ ನಿಮಿಷದಲ್ಲಿ ದೇಶ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಅದನ್ನು ಕಡಿತಗೊಳಿಸಿದಾಗ ಅವರಿಗಾದ ನೋವು ನಿಜವಾದದ್ದು.

ಹಾಗಾದರೆ ಅದೇ ತರ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಲ್ಲವೇ? ಚಿತ್ರ ಮಾಡಿದವನನ್ನು ದೇಶ ಕಣ್ಣಿಟ್ಟು ನೋಡಬೇಕೆಂದರೆ, ಚಿತ್ರದೊಳಗೆ ಇರುವವನನ್ನು ನೋಡುವುದು ಯಾವಾಗ?

ಒಂದು ಭಾನುವಾರ, ಒಂದು ಸೋಮವಾರ

ನಾನು ಸಿನಿಮಾ ವಿಮರ್ಶಕನಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದು ನಿವೃತ್ತನಾದವನು. ಪ್ರಶಸ್ತಿ ಪಡೆದ ಚಿತ್ರಗಳು ನನ್ನಂಥವರಿಗೆ ತಲುಪಿದ್ದು ಚಿತ್ರಮಂದಿರಗಳ ಮೂಲಕವಲ್ಲ, ಎಂಬತ್ತರ ದಶಕದ ದೂರದರ್ಶನದ ಮೂಲಕ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ತೋರಿಸುತ್ತಿದ್ದರು. ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾದವರಿಗೆ ಒಮ್ಮೆ ಬಂಗಾಳಿ, ಒಮ್ಮೆ ಮಲಯಾಳ, ಒಮ್ಮೆ ಅಸ್ಸಾಮಿ. ಭಾಷೆ ತಿಳಿಯದೆ ಅರ್ಧಕ್ಕೆ ನಿದ್ದೆ ಹೋದವರೇ ಹೆಚ್ಚು. ಕನ್ನಡ ಚಿತ್ರದ ಸರದಿ ಬಂದಾಗ ಮಾತ್ರ ಅಕ್ಕಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು. ಟಿ.ವಿ. ಇದ್ದ ಮನೆಗಳೇ ಆಗ ನಮ್ಮ ಬೀದಿಯಲ್ಲಿ ಮೂರೋ ನಾಲ್ಕೋ.

ಹಾಗೆ ಒಂದು ಭಾನುವಾರ 'ತಬರನ ಕಥೆ' ಬಂತು. ತಬರ ಶೆಟ್ಟಿ ಎಂಬ ಬಡ ಸರ್ಕಾರಿ ನೌಕರ, ನಿವೃತ್ತನಾದ ಮೇಲೆ ತನ್ನ ಪಿಂಚಣಿಗಾಗಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಯಾರೂ ಅವನನ್ನು ಹೊಡೆಯುವುದಿಲ್ಲ, ಬೈಯುವುದೂ ಅಪರೂಪ. ಎಲ್ಲರೂ ನಿಯಮದ ಪ್ರಕಾರವೇ ನಡೆಯುತ್ತಾರೆ. ನಿಯಮದ ಪ್ರಕಾರವೇ ಅವಳು ಸಾಯುತ್ತಾಳೆ. ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ಎಷ್ಟು ಸರಿ ಎಂದು ನಮ್ಮ ಮನೆಯಲ್ಲಿ ಕೂತವರೆಲ್ಲ ಮಾತನಾಡಿಕೊಂಡರು. ನಾನು ಮಾತನಾಡಲಿಲ್ಲ.

ಏಕೆಂದರೆ ನನ್ನ ಮೇಜಿನ ಮೇಲೆ ಆ ವಾರ ಒಂದು ಕಡತ ಇತ್ತು. ಒಬ್ಬ ಮುದುಕ, ಅವನೂ ಮುಳುಗಡೆಯಿಂದ ಬಂದವನು, ತನಗೆ ಕೊಟ್ಟ ಜಮೀನು ಪಹಣಿಯಲ್ಲಿ ತನ್ನ ಹೆಸರಿಗೆ ಬಂದಿಲ್ಲವೆಂದು ಅರ್ಜಿ ಕೊಟ್ಟಿದ್ದ. ಅರ್ಜಿಯ ಜೊತೆ ಒಂದು ನಕಲು ಪ್ರತಿ ಇರಬೇಕಿತ್ತು, ಇರಲಿಲ್ಲ. 'ದಾಖಲೆ ಅಪೂರ್ಣ' ಎಂದು ಷರಾ ಬರೆದು ನಾನು ಎರಡು ಸಲ ಹಿಂದಿರುಗಿಸಿದ್ದೆ. ಆ ನಕಲು ಪ್ರತಿ ಸಿಗಬೇಕಾದದ್ದು ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ನಾನು ಮೆಟ್ಟಿಲು ಹತ್ತಿ ಹೋಗಿ ತರಬಹುದಿತ್ತು. ಅದು ನನ್ನ ಕೆಲಸವಾಗಿರಲಿಲ್ಲ. ಅವನಿಂದ ನಾನು ಒಂದು ಕಾಸನ್ನೂ ಕೇಳಿರಲಿಲ್ಲ; ಆದ್ದರಿಂದ ನಾನು ಪ್ರಾಮಾಣಿಕನೆಂದೇ ನಂಬಿದ್ದೆ.

ಸೋಮವಾರ ಅವನು ಬಂದ. ಎಂದಿನಂತೆ ಬಾಗಿಲ ಚೌಕಟ್ಟಿನ ಹೊರಗೇ ಚಪ್ಪಲಿ ಬಿಟ್ಟು ನಿಂತ. ನಾನು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮಹಡಿ ಹತ್ತಿ ಹೋಗಿ, ಅರ್ಧ ಗಂಟೆ ಹುಡುಕಿಸಿ, ಪ್ರತಿ ತಂದು ಕಡತಕ್ಕೆ ಸೇರಿಸಿ, ಮೇಲಧಿಕಾರಿಯ ಮೇಜಿಗೆ ನಾನೇ ಒಯ್ದುಕೊಟ್ಟೆ. ಸಹೋದ್ಯೋಗಿಗಳು ನಕ್ಕರು. ಅವನಿಗೆ ಜಮೀನು ಸಿಕ್ಕಿತೆಂದು ಹೇಳಿ ಈ ಪ್ರಸಂಗವನ್ನು ಸುಂದರವಾಗಿ ಮುಗಿಸಲು ನನಗೆ ಆಸೆಯಿದೆ. ಹಾಗಾಗಲಿಲ್ಲ. ಆ ಭೂಮಿ ಅರಣ್ಯದ್ದೋ ಕಂದಾಯದ್ದೋ ಎಂಬ ಪ್ರಶ್ನೆಗೆ ಸಿಕ್ಕಿ ಕಡತ ಮತ್ತೆಲ್ಲಿಗೋ ಹೋಯಿತು. ನಾನು ಮಾಡಿದ್ದು ಅದನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸಿದ್ದು ಮಾತ್ರ. ಆದರೆ ಅಂದಿನಿಂದ ನಿವೃತ್ತನಾಗುವವರೆಗೆ 'ದಾಖಲೆ ಅಪೂರ್ಣ' ಎಂದು ಬರೆಯುವ ಮೊದಲು ಆ ದಾಖಲೆ ನಮ್ಮಲ್ಲೇ ಇದೆಯೇ ಎಂದು ನೋಡುವ ಅಭ್ಯಾಸ ಬಂತು.

ಒಂದು ಚಲನಚಿತ್ರ ಮಾಡಬಹುದಾದದ್ದು ಇಷ್ಟೇ. ಇಷ್ಟಾದರೂ ಆಗಬೇಕಾದರೆ ಅದು ಸರಿಯಾದ ಮನುಷ್ಯನ ಕಣ್ಣಿಗೆ ಬೀಳಬೇಕು. ದೆಹಲಿಯ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದ ನೂರಾರು ಮಂದಿಗಿಂತ, ಶಿವಮೊಗ್ಗದ ಒಬ್ಬ ಗುಮಾಸ್ತ ಆ ಚಿತ್ರಕ್ಕೆ ಹೆಚ್ಚು ಬೇಕಾದ ಪ್ರೇಕ್ಷಕನಾಗಿದ್ದ.

'ಅವರಿಗೆ ಕಾಗದ ಬಂತಲ್ಲ'

ಮತ್ತೆ ನಮ್ಮ ಹಾಲಿನ ಹಿರಿಯರ ವಿಚಾರಕ್ಕೆ ಬರುತ್ತೇನೆ. ಸಮಾರಂಭ ನಡೆದ ಎರಡು ವಾರಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಅವರನ್ನೂ ಅವರ ಪತ್ನಿಯನ್ನೂ ಮನೆಗೆ ಕರೆದೆ. ಮಗಳು 'ದ್ವೀಪ'ವನ್ನು ಅಂತರ್ಜಾಲದಲ್ಲಿ ಹುಡುಕಿ ಟಿ.ವಿ.ಗೆ ಜೋಡಿಸಿಕೊಟ್ಟಳು. ಮಳೆ ಹಿಡಿದುಕೊಂಡಿತ್ತು. ಚಿತ್ರದಲ್ಲಿಯೂ ಮಳೆ. ಸೀತಾಪರ್ವತವೆಂಬ ಗುಡ್ಡ, ಅದನ್ನು ಬಿಟ್ಟು ಹೋಗಲೊಲ್ಲದ ಗಣಪ, ಅವನ ಹೆಂಡತಿ ನಾಗಿ, ಮುದಿ ತಂದೆ, ದಿನದಿನಕ್ಕೆ ಮೇಲೇರುವ ನೀರು. ತಂದೆಯ ಪಾತ್ರದಲ್ಲಿ, 'ಚೋಮನ ದುಡಿ'ಯ ಚೋಮನಾಗಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದಿದ್ದ ಎಂ.ವಿ. ವಾಸುದೇವರಾವ್.

ಅವರು ಕಥೆಯನ್ನು ನಾವು ನೋಡುವಂತೆ ನೋಡಲಿಲ್ಲ. ಯಾರ ನಟನೆ ಹೇಗಿದೆಯೆಂದು ಒಂದು ಮಾತೂ ಆಡಲಿಲ್ಲ. ನೀರು ಅಂಗಳದ ಹತ್ತಿರ ಬಂದಾಗ ಆ ತಾಯಿ, 'ಹೌದು, ಹಿಂಗೇ. ಸದ್ದು ಇರಲ್ಲ' ಎಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದರು. ನೆರೆಯೆಂದರೆ ಭೋರ್ಗರೆದು ಬರುತ್ತದೆಂದು ನಾವು ತಿಳಿದಿರುತ್ತೇವೆ. ಅಣೆಕಟ್ಟಿನ ನೀರು ಸದ್ದು ಮಾಡುವುದಿಲ್ಲ. ಬೆಳಿಗ್ಗೆ ಎದ್ದಾಗ ಇನ್ನೊಂದು ಮೆಟ್ಟಿಲು ಇರುವುದಿಲ್ಲ, ಅಷ್ಟೆ. ಈ ವಿವರ ನನಗೆ ಯಾವ ವಿಮರ್ಶೆಯಲ್ಲೂ ಸಿಕ್ಕಿರಲಿಲ್ಲ.

ಚಿತ್ರ ಮುಗಿದ ಮೇಲೆ ಹಿರಿಯರು, 'ಚಿನ್ನದ್ದು ಅಂದ್ರಲ್ಲ, ಅದನ್ನ ಯಾರಿಗೆ ಕೊಟ್ರು?' ಎಂದು ಕೇಳಿದರು. ನಿರ್ದೇಶಕರಿಗೆ ಮತ್ತು ನಿರ್ಮಾಪಕರಿಗೆ ಎಂದೆ. ನಿರ್ಮಾಪಕಿ ನಾಗಿಯ ಪಾತ್ರ ಮಾಡಿದ ಸೌಂದರ್ಯ ಅವರೇ ಎಂದೂ ಹೇಳಿದೆ. 'ಓ, ಆ ಹೆಣ್ಮಗಳಿಗೇ ಬಂತಾ? ಸದ್ಯ' ಎಂದರು. ಆಕೆ 2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಆಗ ಅವರು ಆಡಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: 'ಅವರಿಗೆ ಕಾಗದ ಬಂತಲ್ಲ ಸಾರ್, ಒಳ್ಳೇದಾಯ್ತು. ನಮ್ಮ ಕಾಗದ ಇನ್ನೂ ಬರಬೇಕು.'

ಅವರು ಹೇಳಿದ್ದು ಹಕ್ಕುಪತ್ರದ ವಿಚಾರ. ಶರಾವತಿಯ ಸಂತ್ರಸ್ತರು ನಾಡಿಗೆ ಬೆಳಕು ಕೊಟ್ಟು ಕತ್ತಲಿಗೆ ಹೋದವರು ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಸವೆದು ಹೋಗಿದೆ. ಅದರ ಹಿಂದಿನ ಲೆಕ್ಕ ಮಾತ್ರ ಸವೆದಿಲ್ಲ. ಅವರನ್ನು ತಂದು ಬಿಟ್ಟ ಭೂಮಿಯ ದೊಡ್ಡ ಪಾಲು ಅರಣ್ಯದ್ದು. ಅದನ್ನು ಅವರಿಗಾಗಿ ಅರಣ್ಯದಿಂದ ಬೇರ್ಪಡಿಸಿ ಹೊರಡಿಸಿದ್ದ ಅಧಿಸೂಚನೆಗಳು ಕಾನೂನಿನ ಪರೀಕ್ಷೆಯಲ್ಲಿ ನಿಲ್ಲದೆ 2021ರಲ್ಲಿ ರದ್ದಾದವು. ಅಲ್ಲಿಂದೀಚೆಗೆ ಪಾದಯಾತ್ರೆಗಳು ನಡೆದಿವೆ, ಭರವಸೆಗಳು ಬಂದಿವೆ, ಎಲ್ಲ ಪಕ್ಷಗಳೂ ಕಣ್ಣೀರು ಹಾಕಿವೆ. ಅಣೆಕಟ್ಟು ಕಟ್ಟಿ ಅರವತ್ತು ವರ್ಷ ದಾಟಿದರೂ ತಾವು ಉಳುವ ನೆಲದ ಮೇಲೆ ತಾವು ಅತಿಕ್ರಮಣದಾರರೋ ಒಡೆಯರೋ ಎಂದು ತಿಳಿಯದ ಕುಟುಂಬಗಳು ಇಲ್ಲಿವೆ. ಹಿನ್ನೀರಿನಿಂದ ಸುತ್ತುವರಿದು ಅರವತ್ತು ವರ್ಷ ಲಾಂಚನ್ನೇ ನಂಬಿ ಬದುಕಿದ ತುಮರಿ ಕಡೆಯ ಜನರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. 'ದ್ವೀಪ'ಕ್ಕೆ ಪ್ರಶಸ್ತಿ ಸಿಕ್ಕಿ ಎರಡು ದಶಕಗಳು ಕಳೆದಿದ್ದವು. ಆ ಕಾದಂಬರಿ ಬರೆದ ನಾ. ಡಿ'ಸೋಜ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಸೇತುವೆ ನೋಡಲು ಅವರಿರಲಿಲ್ಲ.

ಜನ ನೋಡುವುದಿಲ್ಲವೇ?

'ಇಂಥ ಚಿತ್ರಗಳನ್ನು ಜನ ನೋಡುವುದಿಲ್ಲ' ಎಂಬುದು ಇದಕ್ಕೆಲ್ಲ ಸಿದ್ಧ ಉತ್ತರ. 'ಪ್ರಶಸ್ತಿ ಚಿತ್ರ' ಎಂಬ ಮಾತೇ ನಮ್ಮಲ್ಲಿ ಅರ್ಧ ಬೈಗುಳ. ನಿಧಾನ, ಕತ್ತಲು, ಕಣ್ಣೀರು, ಹಾಡಿಲ್ಲ. ಈ ದೂರಿನಲ್ಲಿ ಸ್ವಲ್ಪ ಹುರುಳಿದೆ. ಜನರಿಗಲ್ಲದೆ ತೀರ್ಪುಗಾರರಿಗಾಗಿಯೇ ಮಾಡಿದ, ಸೆನ್ಸಾರ್ ಪತ್ರ ಪಡೆದು ಸ್ಪರ್ಧೆಗೆ ಕಳಿಸಿ ಡಬ್ಬ ಮುಚ್ಚಿಟ್ಟ ಚಿತ್ರಗಳೂ ಇವೆ. ಆದರೆ ಒಟ್ಟಾರೆಯಾಗಿ ಜನರ ಮೇಲೆ ಹೊರಿಸಿದ ಈ ಆರೋಪವನ್ನು ನಮ್ಮ ಜಿಲ್ಲೆಯೇ ಐವತ್ತು ವರ್ಷಗಳ ಹಿಂದೆ ಸುಳ್ಳು ಮಾಡಿ ತೋರಿಸಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ನೀನಾಸಂನ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಭಾಷೆ ತಿಳಿಯದ ಚಿತ್ರವನ್ನೂ, ಮೊದಲು ನಾಲ್ಕು ಮಾತು ವಿವರಿಸಿದರೆ, ಹಳ್ಳಿಯವರು ಕೊನೆಯವರೆಗೆ ಕೂತು ನೋಡುತ್ತಾರೆ ಎಂಬುದನ್ನು ಅವರು ಮಾಡಿ ತೋರಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಬಗ್ಗೆಯೂ ನಮಗೆ ಹೆಮ್ಮೆಯಿದೆ. ಆ ಕೆಲಸವನ್ನು ಉಳಿದ ತಾಲ್ಲೂಕುಗಳಲ್ಲಿ ಮುಂದುವರಿಸಬೇಕೆಂದು ಮಾತ್ರ ನಮಗೆ ತೋಚಲಿಲ್ಲ.

ಇನ್ನೊಂದು ಉದಾಹರಣೆ ಹೊಸತು. 2022ನೇ ಸಾಲಿನಲ್ಲಿ 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಅತ್ಯುತ್ತಮ ಜನಪ್ರಿಯ ಚಿತ್ರವೂ ಅದೇ ಆಯಿತು. ಆ ಚಿತ್ರದ ದೈವ, ಅಬ್ಬರ, ಕಾಳಗಗಳನ್ನು ಬದಿಗಿಟ್ಟು ನೋಡಿದರೆ ಅದರ ನಡುವಿನ ಜಗಳ ಯಾವುದು? ಕಾಡಂಚಿನ ಊರಿನ ನೆಲ ಯಾರದ್ದು ಎಂಬುದೇ. ಅದನ್ನು ನಮ್ಮ ಹಾಲಿನ ಹಿರಿಯರು ಮಕ್ಕಳು ಮೊಮ್ಮಕ್ಕಳ ಸಮೇತ ಎರಡು ಸಲ ನೋಡಿದ್ದಾರೆ. ವಿಷಯ ಭಾರವಾಯಿತೆಂದು ಅವರೇನೂ ದೂರಲಿಲ್ಲ. ಚಿತ್ರ ಊರಿಗೆ ಬಂತು, ನೋಡಿದರು. 'ದ್ವೀಪ' ಅವರ ಊರಿಗೆ ಬರಲಿಲ್ಲ, ನೋಡಲಿಲ್ಲ. ಇದರಲ್ಲಿ ಜನರ ಅಭಿರುಚಿಯ ತಪ್ಪನ್ನು ಹುಡುಕುವುದು ನ್ಯಾಯವಲ್ಲ.

ಅಂತರ್ಜಾಲದಲ್ಲಿ ಇದೆಯಲ್ಲ ಎನ್ನುವವರೂ ಇದ್ದಾರೆ. ಹುಡುಕಬೇಕೆಂದು ಗೊತ್ತಿರುವವನಿಗೆ ಇದೆ. ತನ್ನ ಬಗ್ಗೆ ಒಂದು ಚಿತ್ರವಿದೆ ಎಂಬುದೇ ತಿಳಿಯದವನು ಏನೆಂದು ಹುಡುಕಬೇಕು?

ಮಾಡಬಹುದಾದದ್ದು

ದೊಡ್ಡ ಯೋಜನೆಗಳನ್ನು ಸೂಚಿಸುವ ಅಧಿಕಾರ ನನಗಿಲ್ಲ. ಗುಮಾಸ್ತನ ಬುದ್ಧಿಗೆ ತೋಚಿದ ಮೂರು ಸಣ್ಣ ಕೆಲಸಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಒಂದು: ರಾಷ್ಟ್ರ ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳ ಒಳ್ಳೆಯ ಪ್ರತಿಯೊಂದನ್ನು, ನಿರ್ಮಾಪಕರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ರಾಜ್ಯ ಸರ್ಕಾರ ಅಥವಾ ಚಲನಚಿತ್ರ ಅಕಾಡೆಮಿ ಪಡೆದುಕೊಂಡು, ಅವು ಯಾವ ಸೀಮೆಯ ಕಥೆಯೋ ಆ ಸೀಮೆಯ ತಾಲ್ಲೂಕುಗಳಲ್ಲಿ ಮೊದಲು ತೋರಿಸಬೇಕು. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವಿದೆ. ತಾಲ್ಲೂಕು ಕೇಂದ್ರಗಳಲ್ಲಿ ಭವನಗಳಿಗೆ ಕೊರತೆಯಿಲ್ಲ. ಮದುವೆ, ಸನ್ಮಾನಗಳಿಲ್ಲದ ದಿನ ಅವು ಖಾಲಿಯೇ ಇರುತ್ತವೆ. 'ಘಟಶ್ರಾದ್ಧ'ವನ್ನು ಹೊಸದಾಗಿ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಬಹಳ ಸಂತೋಷ. ವೆನಿಸ್ ಮುಟ್ಟಿದ ಪ್ರತಿ ತೀರ್ಥಹಳ್ಳಿಯನ್ನೂ ಮುಟ್ಟಬೇಕು.

ಎರಡು: ಸರ್ಕಾರಿ ನೌಕರಿಗೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಕಡತ ನಿರ್ವಹಣೆ, ನಡತೆ ನಿಯಮಗಳನ್ನೆಲ್ಲ ಕಲಿಸುತ್ತಾರೆ. ಅದರ ಜೊತೆಗೆ ಒಂದು ಮಧ್ಯಾಹ್ನ 'ತಬರನ ಕಥೆ'ಯನ್ನು ತೋರಿಸಲಿ. ನೂರು ಮಂದಿಯಲ್ಲಿ ಹತ್ತು ಮಂದಿಗೆ ಅದು ತಟ್ಟಿದರೂ ಹತ್ತು ಮೇಜುಗಳ ಎದುರು ನಿಂತವರಿಗೆ ಕುರ್ಚಿ ಸಿಗುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಮೂರನೆಯದು ಪ್ರಶಸ್ತಿ ಸಮಾರಂಭಕ್ಕೇ ಸಂಬಂಧಿಸಿದ್ದು. ಅಂದು ಓದುವ ಪ್ರಶಂಸಾ ವಾಕ್ಯದಲ್ಲಿ ಚಿತ್ರದ ಕಲಾ ಗುಣವನ್ನು ಹೊಗಳುತ್ತಾರೆ. ಪ್ರಶಸ್ತಿ ಬಂದ ಚಿತ್ರವೊಂದು ಎತ್ತಿದ ಪ್ರಶ್ನೆ ಏನಾಯಿತು ಎಂದು ಹತ್ತು ವರ್ಷಗಳ ನಂತರವಾದರೂ ಯಾರಾದರೂ ಕೇಳುವ ಪದ್ಧತಿ ಬರಬೇಕು. ಸರ್ಕಾರ ಕೇಳದಿದ್ದರೆ ಪತ್ರಿಕೆಗ ಳು ಕೇಳಬೇಕು, ನಾವು ಓದುಗರು ಕೇಳಬೇಕು. ಕಲೆ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಆದರೆ ಪ್ರಶ್ನೆಗೆ ಪದಕ ತೊಡಿಸಿದವರಿಗೆ ಉತ್ತರದ ಹೊಣೆಯಿದೆ.

ಈ ಲೇಖನ ಬರೆಯುತ್ತಿರುವಾಗ ನಮ್ಮ ರಸ್ತೆಯ ಮೇಲ್ಸೇತುವೆಯ ಕೆಳಗೆ ತಾಳಗುಪ್ಪದ ರೈಲು ಹೋಯಿತು. ಹಿಂದೆ ಇಲ್ಲಿ ಗೇಟು ಇತ್ತು. ರೈಲು ಬರುವ ಹೊತ್ತಿಗೆ ಸವಳಂಗ ರಸ್ತೆಯ ಸಂಚಾರವೆಲ್ಲ ಎರಡೂ ಕಡೆ ನಿಂತುಬಿಡುತ್ತಿತ್ತು. ವೈದ್ಯರಲ್ಲಿಗೆ ಹೊರಟವರು, ನವುಲೆಯ ಕಾಲೇಜಿಗೆ ಹೊರಟ ಹುಡುಗರು, ಹಾಲಿನ ಕ್ಯಾನಿನವರು ಎಲ್ಲರೂ ಒಂದೇ ಸಾಲಿನಲ್ಲಿ ಕಾಯುತ್ತಿದ್ದರು. ಈಗ ಸೇತುವೆಯಾಗಿದೆ, ಯಾರೂ ಕಾಯಬೇಕಿಲ್ಲ. ಮನಸ್ಸು ಮಾಡಿದರೆ ಕಾಯುವುದನ್ನು ಕೊನೆಗಾಣಿಸುವುದು ಸರ್ಕಾರಕ್ಕೆ ಗೊತ್ತು.

ಸಂಜೆ ಹಿರಿಯರು ಹಾಲು ತಂದರು. ಲೇಖನದ ವಿಷಯ ಹೇಳಿದೆ. ಹೆಸರು ಹಾಕಬೇಡಿ ಎಂದರು. ಏಕೆಂದು ಕೇಳಿದೆ. 'ಅರ್ಜಿ ಇನ್ನೂ ಅಲ್ಲೇ ಇದೆ ಸಾರ್' ಎಂದು ಹೇಳಿ, ಕ್ಯಾನಿನ ಮುಚ್ಚಳ ಬಿಗಿಮಾಡಿ, ಮೊಪೆಡ್ ಹತ್ತಿದರು.